ಸೈಟ್ ಗೂಗಲ್‌ನಲ್ಲಿ ಮೇಲೆ ಬರಬೇಕಾ? ಮೊದಲು ಕೋಡ್ ಬಿಚ್ಚಿ ನೋಡಿ

ತೀರ್ಥಹಳ್ಳಿ ಹತ್ತಿರ ನಮ್ಮ ದೊಡ್ಡಮ್ಮನ ಮಗನ ಹೋಂಸ್ಟೇ ಇದೆ. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಣ್ಣ ಫೋನ್ ಮಾಡಿ, "ಹೊಸ ಡಿಸೈನ್ ಮಾಡಿಸಿದ ಮೇಲೆ ನಮ್ ಸೈಟ್ ಗೂಗಲ್‌ನಲ್ಲಿ ಬರೋದೇ ಇಲ್ಲ ಮಾರಾಯ, ಹೆಸರು ಹಾಕಿದ್ರೂ ಬರಲ್ಲ, ಒಂದ್ಸಲ ನೋಡು" ಅಂದ. ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರದವರಿಗೆ ಸೈಟ್ ಮಾಡಿಕೊಡುವುದೇ ನನ್ನ ಕೆಲಸ. ಕೋಡ್ ತೆರೆದೆ. 31 ಪುಟ. ಪ್ರತಿ ಪುಟದಲ್ಲೂ ಮೆನು, ಫೋನ್ ನಂಬರ್, ವಿಳಾಸ ಎಲ್ಲವನ್ನೂ ಕೈಯಲ್ಲೇ ಅಂಟಿಸಿದ್ದರು. ಆರು ಪುಟದಲ್ಲಿ ಹಳೇ ನಂಬರ್. ಒಂಬತ್ತು ಪುಟದಲ್ಲಿ ಹತ್ತಿರದ ವಿಮಾನ ನಿಲ್ದಾಣ ಮಂಗಳೂರು ಅಂತ ಇತ್ತು. ನಮ್ಮ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ, ಅಲ್ವಾ? ಯಾಕೆ ತಿದ್ದಿಲ್ಲ ಅಂತ ಕೇಳಿದರೆ, ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತದೆ ಅನ್ನುವ ಭಯ.

ಅವತ್ತಿನಿಂದ ಸೈಟನ್ನು ಹುಡುಕಾಟದಲ್ಲಿ ಮೇಲೆ ತರುವುದು, ಕೋಡ್ ಚೊಕ್ಕವಾಗಿಡುವುದು, ಈ ಎರಡು ಕೆಲಸವನ್ನು ನಾನು ಬೇರೆ ಬೇರೆಯಾಗಿ ನೋಡುವುದನ್ನೇ ಬಿಟ್ಟೆ. ತಿದ್ದಲು ಹೆದರಿಕೆಯಾಗುವ ಸೈಟ್ ಹಳಸಿದ ಮಾಹಿತಿ ಹೊತ್ತುಕೊಂಡು ಕೂತಿರುತ್ತದೆ. ಅಂಥದ್ದು ಹುಡುಕಾಟದಲ್ಲಿ ಮೇಲೆ ಬಂದರೂ ಜಾಸ್ತಿ ದಿನ ಅಲ್ಲಿ ನಿಲ್ಲುವುದಿಲ್ಲ. ನಾನು ಈಗ ಯಾವ ಸೈಟ್ ಕೈಗೆ ಬಂದರೂ ಈ ಕ್ರಮದಲ್ಲೇ ಹೋಗುತ್ತೇನೆ.

ಗೂಗಲ್‌ಗೆ ಸೈಟ್ ಕಾಣಿಸ್ತಾ ಇದೆಯಾ?

ಮೊದಲು ಇದನ್ನು ನೋಡಿ. ಸೈಟ್ ಮಾಲೀಕರಿಗೆ ಅಂತ ಗೂಗಲ್ ಕೊಡುವ ಸಾಧನ ಗೂಗಲ್ ಸರ್ಚ್ ಕನ್ಸೋಲ್, ಅದರಲ್ಲಿ ಸೈಟ್ ಸೇರಿಸಿ, ಅದಕ್ಕೆ ದುಡ್ಡಿಲ್ಲ. ಒಂದೊಂದೇ ಮುಖ್ಯ ಪುಟದ ವಿಳಾಸ ಹಾಕಿ ಪರೀಕ್ಷಿಸಿದರೆ ಅದು ಇಂಡೆಕ್ಸ್ ಆಗಿದೆಯೋ (ಗೂಗಲ್‌ನ ಪಟ್ಟಿಗೆ ಸೇರಿದೆಯೋ) ಇಲ್ಲವೋ, ಆಗದಿದ್ದರೆ ಯಾಕೆ ಅಂತ ಅದೇ ಹೇಳುತ್ತದೆ. ಅಣ್ಣನ ಸೈಟ್‌ನಲ್ಲಿ ಸಿಕ್ಕಿದ್ದು ನೋಇಂಡೆಕ್ಸ್ ಟ್ಯಾಗ್, ಅಂದರೆ ಈ ಪುಟವನ್ನು ಪಟ್ಟಿಗೆ ಸೇರಿಸಬೇಡ ಅನ್ನುವ ಸೂಚನೆ. ಡಿಸೈನ್ ಮಾಡುವಾಗ ಅರ್ಧಂಬರ್ಧ ಪುಟ ಹೊರಗೆ ಕಾಣಬಾರದು ಅಂತ ಹಾಕಿದ್ದನ್ನು ಆಮೇಲೆ ತೆಗೆದೇ ಇಲ್ಲ. ವರ್ಡ್‌ಪ್ರೆಸ್‌ನಲ್ಲಾದರೆ ಇದು ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಒಂದು ಟಿಕ್ ಗುರುತು, ಅಷ್ಟೇ.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ರೋಬೋಟ್ಸ್ ಫೈಲ್‌ನಲ್ಲಿ ಪುಟವನ್ನು ತಡೆಯುವುದೂ ನೋಇಂಡೆಕ್ಸ್ ಹಾಕುವುದೂ ಒಂದೇ ಅಲ್ಲ. ರೋಬೋಟ್ಸ್ ಫೈಲ್ ಹೇಳುವುದು "ಒಳಗೆ ಬರಬೇಡ" ಅಂತ, ನೋಇಂಡೆಕ್ಸ್ ಹೇಳುವುದು "ಬಂದು ನೋಡು, ಪಟ್ಟಿಗೆ ಸೇರಿಸಬೇಡ" ಅಂತ. ಎರಡನ್ನೂ ಒಟ್ಟಿಗೆ ಹಾಕಿದರೆ ಗೂಗಲ್ ಒಳಗೇ ಬರದೆ ಆ ನೋಇಂಡೆಕ್ಸ್ ಅನ್ನು ಓದುವುದೇ ಇಲ್ಲ, ಬೇರೆ ಕಡೆಯಿಂದ ಕೊಂಡಿ ಇದ್ದರೆ ಆ ವಿಳಾಸ ಪಟ್ಟಿಯಲ್ಲಿ ಬಂದರೂ ಬರಬಹುದು.

ಹೊಸ ಡಿಸೈನ್‌ನಲ್ಲಿ ಪುಟಗಳ ವಿಳಾಸ ಬದಲಾಗಿದ್ದರೆ ಹಳೇ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಶಾಶ್ವತವಾಗಿ ತಿರುಗಿಸುವ ಸೂಚನೆ) ಹಾಕಿ. ಒಂದೊಂದಕ್ಕೂ ಅದರದೇ ಸರಿಯಾದ ಪುಟಕ್ಕೆ ಹಾಕಿ, ಎಲ್ಲವನ್ನೂ ಮುಖಪುಟಕ್ಕೆ ತಂದು ಸುರಿಯಬೇಡಿ. ಸೈಟ್‌ಮ್ಯಾಪ್ (ನಿಮ್ಮ ಪುಟಗಳ ವಿಳಾಸದ ಪಟ್ಟಿ) ಕೂಡ ಕೊಡಿ. ಒಂದು ಫೈಲ್‌ನಲ್ಲಿ 50,000 ವಿಳಾಸದವರೆಗೆ ಹಿಡಿಯುತ್ತದೆ, ನಮ್ಮಂಥವರಿಗೆ ಬೇಕಾದಷ್ಟಾಯಿತು.

ಜನ ಯಾವ ಪದ ಹಾಕಿ ಹುಡುಕುತ್ತಾರೆ?

ನಮ್ಮ ಊರಿನ ಹೆಸರನ್ನೇ ನೋಡಿ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತವಾಗಿ ಶಿವಮೊಗ್ಗ. ಆದರೆ ಹೊರಗಿನವರು ಈಗಲೂ ಶಿಮೊಗ ಅಂತಲೇ ಟೈಪ್ ಮಾಡುತ್ತಾರೆ. ಗೂಗಲ್‌ಗೆ ಇವೆರಡೂ ಒಂದೇ ಊರು ಅಂತ ಗೊತ್ತು, ಹಾಗಂತ ಅದಕ್ಕೋಸ್ಕರ ಎರಡೆರಡು ಪುಟ ಮಾಡುವುದು ಬೇಡ. ಶೀರ್ಷಿಕೆಯಲ್ಲಿ ಹೊಸ ಹೆಸರು ಇರಲಿ, ಒಳಗಿನ ಬರಹದಲ್ಲಿ ಹಳೇದೂ ಒಂದು ಕಡೆ ಸಹಜವಾಗಿ ಬರಲಿ.

ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ. ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಯಾವ ಪದಕ್ಕೆ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಜಾಸ್ತಿ ಸಲ ಕಾಣಿಸಿ ಕಡಿಮೆ ಜನ ಒತ್ತಿದ ಪುಟವಿದೆಯಲ್ಲ, ಅದರ ಟೈಟಲ್ ಮೊದಲು ತಿದ್ದಿ. ಅಣ್ಣನ ಸೈಟ್‌ನಲ್ಲಿ 31 ಪುಟಕ್ಕೂ "ವೆಲ್‌ಕಮ್" ಅನ್ನುವ ಒಂದೇ ಟೈಟಲ್ ಇತ್ತು! ಆಮೇಲೆ, ಮೆಟಾ ಕೀವರ್ಡ್ಸ್ ಟ್ಯಾಗ್‌ನಲ್ಲಿ ನೂರು ಪದ ತುಂಬಿಸಿ ಕೊಡುತ್ತೇವೆ ಅಂತ ದುಡ್ಡು ಕೇಳುವವರು ಇನ್ನೂ ಇದ್ದಾರೆ. ರ‍್ಯಾಂಕಿಂಗ್‌ಗೆ ಆ ಟ್ಯಾಗ್ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ದಯವಿಟ್ಟು ಕೊಡಬೇಡಿ.

ಪುಟದೊಳಗೆ ಏನು ಬರೆಯಬೇಕು? ಊರಿನವರಿಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ. ಜೋಗ 253 ಮೀಟರ್ ಎತ್ತರ ಅಂತ ಸಾವಿರ ಸೈಟ್‌ಗಳು ಹೇಳುತ್ತವೆ. ಆದರೆ ಜೋಗದಲ್ಲಿ ನೀರು ಎಷ್ಟಿರುತ್ತದೆ ಅನ್ನುವುದಕ್ಕೆ ಮಳೆಯಷ್ಟೇ ಅಲ್ಲ, ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೋ ಇಲ್ಲವೋ ಅನ್ನುವುದೂ ಸೇರುತ್ತದೆ, ರೈಲಿನಲ್ಲಿ ಬರುವವರು ತಾಳಗುಪ್ಪದಲ್ಲಿ ಇಳಿಯಬೇಕು, ರಾತ್ರಿ ಬಂದರೆ ನಿಮ್ಮ ಮನೆಗೆ ತಿರುಗುವ ಮಣ್ಣಿನ ರಸ್ತೆಯ ಗುರುತು ಏನು — ಇದನ್ನೆಲ್ಲ ಬರುವ ಅತಿಥಿ ನಿಜವಾಗಿ ಕೇಳುತ್ತಾನೆ. ಫೋನ್‌ನಲ್ಲಿ ನಿಮಗೆ ಬರುವ ಪ್ರಶ್ನೆಗಳನ್ನು ಒಂದು ವಾರ ಚೀಟಿಯಲ್ಲಿ ಬರೆದಿಡಿ. ಅಷ್ಟೂ ಪುಟ ಸಿದ್ಧ.

ಕನ್ನಡದ ಬರಹ ಯೂನಿಕೋಡ್‌ನಲ್ಲೇ ಇರಬೇಕು

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಿಂದಲೇ ನಮ್ಮ ಕಡೆಯ ಎಷ್ಟೋ ಒಳ್ಳೇ ಬರಹ ಯಾರ ಕಣ್ಣಿಗೂ ಬೀಳದೆ ಉಳಿದಿದೆ. ಹಳೇ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಆದರೆ ಹಿಂದೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದು ಕನ್ನಡ ಅಂತ ಗೂಗಲ್‌ಗೆ ಗೊತ್ತಾಗುವುದಾದರೂ ಹೇಗೆ? ಪರಿವರ್ತಕ ಬಳಸಿ ಯೂನಿಕೋಡ್‌ಗೆ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ವ್ಯವಸ್ಥೆ) ತನ್ನಿ, ತಂದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ, ತಪ್ಪುವುದು ಅಲ್ಲೇ. ಅಡಿಕೆ ವ್ಯಾಪಾರದ ಒಂದು ಸೈಟ್‌ನಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ದರವನ್ನೆಲ್ಲ ದಿನಾ ಫೋಟೋ ಮಾಡಿ ಹಾಕುತ್ತಿದ್ದರು. ಅದನ್ನೇ ಸಾದಾ ಟೇಬಲ್ ಮಾಡಿ ಹಾಕಿದರೆ ಹುಡುಕಾಟಕ್ಕೂ ಸಿಗುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಕೂಡ ಓದುತ್ತದೆ.

ಪುಟದ ವಿಳಾಸ ಮಾತ್ರ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಕನ್ನಡ ವಿಳಾಸ ಗೂಗಲ್‌ಗೆ ಓದಲು ಬರುತ್ತದೆ, ತೊಂದರೆ ಇಲ್ಲ. ಆದರೆ ನಕಲು ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ "ಜೋಗ" ಅನ್ನುವ ಪುಟ್ಟ ಪದವೇ 27 ಅಕ್ಷರದ ಶೇಕಡಾ ಚಿಹ್ನೆಗಳ ಸಾಲಾಗಬಹುದು. ಅದನ್ನು ನೋಡಿ ಜನ ಒತ್ತಲು ಹಿಂಜರಿಯುತ್ತಾರೆ.

ವೇಗ

ಆಗುಂಬೆ ಕಡೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ನಿಂತು ನಿಮ್ಮ ಸೈಟ್ ತೆರೆಯುವವನನ್ನು ನೆನೆಸಿಕೊಳ್ಳಿ. ಗೂಗಲ್ ಮೂರು ಅಳತೆ ನೋಡುತ್ತದೆ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ತೆರೆಯುವಾಗ ಪುಟ ಕುಣಿಯಬಾರದು, ಅಂದರೆ ಸಿಎಲ್‌ಎಸ್ ಅಂಕ 0.1 ದಾಟಬಾರದು. ಹೋಂಸ್ಟೇ ಸೈಟ್‌ಗಳಲ್ಲಿ ತೊಂದರೆ ಹೆಚ್ಚಾಗಿ ಫೋಟೋದ್ದೇ. ಕ್ಯಾಮೆರಾದಿಂದ ಬಂದ ದೊಡ್ಡ ಫೋಟೋವನ್ನು ಹಾಗೇ ಹಾಕದೆ ಅಗಲ ಕಡಿಮೆ ಮಾಡಿ ವೆಬ್‌ಪಿ ಅನ್ನುವ ಹಗುರ ರೂಪಕ್ಕೆ ತನ್ನಿ. ಅಗಲ, ಎತ್ತರ ಎರಡನ್ನೂ ಎಚ್‌ಟಿಎಂಎಲ್‌ನಲ್ಲಿ ಬರೆಯಿರಿ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ (ಅಲ್ಲಿಗೆ ಸರಿದಾಗ ಮಾತ್ರ ಲೋಡ್ ಆಗುವುದು) ಹಾಕಿ, ಮೇಲಿನ ಮೊದಲ ಚಿತ್ರಕ್ಕೆ ಬೇಡವೇ ಬೇಡ.

ಒಂದು ಮಾಹಿತಿ, ಒಂದೇ ಜಾಗ

ಈಗ ಕೋಡ್. ಅಣ್ಣನ ಸೈಟ್‌ನಲ್ಲಿ ನಾನು ಮಾಡಿದ ದೊಡ್ಡ ಕೆಲಸ ಇದೇ. ಫೋನ್, ವಿಳಾಸ, ಚೆಕ್‌ಇನ್, ಚೆಕ್‌ಔಟ್ ಸಮಯ, ಕೋಣೆಯ ದರ, ಹತ್ತಿರದ ನಿಲ್ದಾಣ, ಎಲ್ಲವನ್ನೂ ಒಂದು ಡೇಟಾ ಫೈಲ್‌ಗೆ ತಂದೆ. ಮೆನು ಮತ್ತು ಅಡಿಬರಹಕ್ಕೆ ಒಂದೊಂದು ಟೆಂಪ್ಲೇಟ್. ಹ್ಯೂಗೊ, ಇಲೆವೆಂಟಿ ಥರದ ಪುಟ ಕಟ್ಟಿಕೊಡುವ ಸಾಧನ ಬಳಸಿದರೂ ಸರಿ, ಪಿಎಚ್‌ಪಿಯ ಇನ್‌ಕ್ಲೂಡ್ ಆದರೂ ಸರಿ, ನಿಮಗೆ ಯಾವುದು ಬರುತ್ತದೋ ಅದು. ಸ್ಕೀಮಾ ಮಾಹಿತಿಯೂ (ಗೂಗಲ್ ಓದಲಿ ಅಂತ ಕೋಡ್‌ನಲ್ಲಿ ಬರೆಯುವ ವಿವರ) ಅದೇ ಫೈಲ್‌ನಿಂದಲೇ ಹೊರಬರಬೇಕು. ಪುಟದಲ್ಲಿ ಒಂದು ನಂಬರ್, ಸ್ಕೀಮಾದಲ್ಲಿ ಇನ್ನೊಂದು ನಂಬರ್ ಇದ್ದರೆ ಗೂಗಲ್ ಯಾವುದನ್ನು ನಂಬಬೇಕು? ಟೈಟಲ್ ಇಲ್ಲದ ಪುಟ ಬಂದರೆ ಬಿಲ್ಡ್ (ಪುಟಗಳನ್ನು ಕಟ್ಟುವ ಕೆಲಸ) ನಿಂತುಬಿಡಬೇಕು ಅಂತಲೂ ಒಂದು ಚಿಕ್ಕ ಪರೀಕ್ಷೆ ಬರೆದಿಟ್ಟೆ. ಅದಾದ ಮೇಲೆ ಟೈಟಲ್ ಮರೆತಿದ್ದಿಲ್ಲ.

ಬಳಸದ ಪ್ಲಗಿನ್ ಕಿತ್ತುಹಾಕಿ. ಸಿಎಸ್‌ಎಸ್ ಹೆಸರುಗಳು ನೋಡಿದರೆ ಅರ್ಥವಾಗುವಂತಿರಲಿ, "ಬಾಕ್ಸ್2ಹೊಸದು" ಅಂತ ಇಟ್ಟರೆ ಆರು ತಿಂಗಳಿಗೆ ಯಾರಿಗೂ ತಿಳಿಯುವುದಿಲ್ಲ. ಕಾಮೆಂಟ್‌ನಲ್ಲಿ ಏನು ಮಾಡಿದ್ದೀರಿ ಅನ್ನುವುದಕ್ಕಿಂತ ಯಾಕೆ ಮಾಡಿದಿರಿ ಅಂತ ಬರೆಯಿರಿ.

ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಬಳಸಿ, ಒಬ್ಬರೇ ಇದ್ದರೂ ಬಳಸಿ. ಒಂದು ಬದಲಾವಣೆಗೆ ಒಂದು ಕಮಿಟ್ (ದಾಖಲೆ), ಕನ್ನಡದಲ್ಲೇ ಒಂದು ಸಾಲು: "ಜೋಗ ಪುಟದ ಟೈಟಲ್ ಬದಲು". ಇದರ ನಿಜವಾದ ಲಾಭ ನನಗೆ ತಡವಾಗಿ ಗೊತ್ತಾಯಿತು. ಸರ್ಚ್ ಕನ್ಸೋಲ್‌ನ ಗೆರೆ ಯಾವ ವಾರ ಏರಿತು, ಯಾವ ವಾರ ಇಳಿಯಿತು ಅಂತ ನೋಡಿ, ಕಮಿಟ್‌ಗಳ ದಿನಾಂಕ ಪಕ್ಕದಲ್ಲಿಟ್ಟುಕೊಂಡರೆ ಯಾವ ಬದಲಾವಣೆಯಿಂದ ಆಗಿರಬಹುದು ಅಂತ ಒಂದು ಅಂದಾಜು ಸಿಗುತ್ತದೆ. ಹತ್ತು ಬದಲಾವಣೆಯನ್ನು ಒಂದೇ ದಿನ ಸುರಿದರೆ ಆ ಅಂದಾಜೂ ಸಿಗುವುದಿಲ್ಲ. ಒಂದು ಮಾಡಿ, ಕೆಲವು ವಾರ ಕಾಯಿರಿ. ಮಳೆಗಾಲದಲ್ಲಿ ಜೋಗದ ಹುಡುಕಾಟವೇ ಹೆಚ್ಚಿರುತ್ತದೆ, ಹಾಗಾಗಿ ಜುಲೈಯನ್ನು ಮಾರ್ಚ್ ಜೊತೆ ಹೋಲಿಸದೆ ಹಿಂದಿನ ಜುಲೈ ಜೊತೆ ಹೋಲಿಸಿ.

ಅಣ್ಣನ ಸೈಟ್ ಈಗ ಹೆಸರು ಹಾಕಿದರೆ ಮೊದಲು ಬರುತ್ತದೆ. "ತೀರ್ಥಹಳ್ಳಿ ಹೋಂಸ್ಟೇ" ಅಂತಷ್ಟೇ ಹಾಕಿದರೆ ಇನ್ನೂ ಕೆಳಗಿದೆ, ಕೆಲಸ ನಡೀತಾ ಇದೆ. ಹೋದ ತಿಂಗಳು ಚೆಕ್‌ಔಟ್ ಸಮಯ 11ರಿಂದ 10 ಗಂಟೆಗೆ ಬದಲಾಯಿತು. ಅತ್ತಿಗೆಯೇ ಡೇಟಾ ಫೈಲ್‌ನಲ್ಲಿ ಆ ಒಂದು ಸಾಲು ತಿದ್ದಿದರು, 31 ಪುಟವೂ ಸರಿಯಾಯಿತು. ಆಮೇಲೆ ಫೋನ್ ಮಾಡಿ, ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲೂ (ಮ್ಯಾಪ್ಸ್‌ನಲ್ಲಿ ಕಾಣುವ ವ್ಯಾಪಾರದ ವಿವರ) ಬದಲಾಯಿಸಬೇಕಾ ಅಂತ ಕೇಳಿದರು. ಹೌದು, ಅದು ಸೈಟ್‌ನಿಂದ ತಾನಾಗಿ ಹೋಗುವುದಿಲ್ಲ, ಅಲ್ಲಿ ಲಾಗಿನ್ ಆಗಿ ಕೈಯಲ್ಲೇ ತಿದ್ದಬೇಕು.