ಹಸಿ ಸೋಯಾ ಕಾಳು ಒಣಗಿಸಿ ಚಹಾಕ್ಕೆ ಹಾಕುವುದು: ಝೆನ್‌ಝೆ ಕಡೆಯ ಪದ್ಧತಿ, ನನ್ನ ಅನುಭವ

ಚೀನಾದ ಸೂಝೌ ನಗರದ ದಕ್ಷಿಣಕ್ಕೆ, ತೈಹು ಸರೋವರದ ಮಗ್ಗುಲಲ್ಲಿ ಝೆನ್‌ಝೆ ಅಂತ ಒಂದು ಹಳೇ ಕಾಲುವೆ ಊರಿದೆ. ಅದರ ಪಕ್ಕದ್ದೇ ನಾನ್‌ಷುನ್. ಮನೆಗಳ ಬೆನ್ನು ಕಾಲುವೆಗೆ, ಬಾಗಿಲು ಓಣಿಗೆ. ಹಿಂಬಾಗಿಲಿನಿಂದ ನೀರಿಗಿಳಿಯಲು ಕಲ್ಲಿನ ಮೆಟ್ಟಿಲು. ಈ ಭಾಗದವರು ಚಹಾ ‘ಕುಡಿದೆ’ ಅನ್ನುವುದಿಲ್ಲ, ‘ತಿಂದೆ’ ಅನ್ನುತ್ತಾರೆ. ಶೂನ್‌ದೋ ಛಾ ಮಟ್ಟಿಗಂತೂ ಅದು ಅಕ್ಷರಶಃ ನಿಜ. ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಸಿರು ಸೋಯಾ ಕಾಳಿನ ಮೇಲೆ ಬಿಸಿನೀರು ಹೊಯ್ದು, ನೀರು ಕುಡಿದ ಮೇಲೆ ತಳದಲ್ಲಿ ಉಳಿದದ್ದನ್ನೆಲ್ಲ ತಿನ್ನುವ ಚಹಾ ಇದು.

‘ಶೂನ್’ ಅಂದರೆ ಹೊಗೆ ಹಾಕುವುದು. ಈ ಹೆಸರು ನಂಬಿ ಹೊಗೆ ಹಾಕಿದರೆ ಕಾಳು ಕಹಿಯಾಗುತ್ತದೆ. ಕಾಳಿಗೆ ಬೇಕಾದದ್ದು ಹೊಗೆಯಿಲ್ಲದ, ಬೂದಿ ಮುಚ್ಚಿದ ಕೆಂಡದ ಕಾವು, ಅಷ್ಟೆ. ಗಡಿ ದಾಟಿ ಪಕ್ಕದ ಝೆಜಿಯಾಂಗ್ ಪ್ರಾಂತ್ಯದ ಕಡೆಗೆ ಹೋದರೆ ಇದನ್ನೇ ‘ಹೊಂಗ್‌ದೋ’, ಅಂದರೆ ಕಾವಿನಲ್ಲಿ ಒಣಗಿಸಿದ ಕಾಳು ಅನ್ನುತ್ತಾರೆ. ಕೆಲಸಕ್ಕೆ ಸರಿಹೊಂದುವ ಹೆಸರು ಅದೇ.

ಕಾಳು ಕೊಳ್ಳುವ ಕಾಲ ಅಕ್ಟೋಬರ್. ಚೀನೀ ಪಂಚಾಂಗದ ‘ತಣ್ಣನೆ ಇಬ್ಬನಿ’ ಸುಮಾರು ಅಕ್ಟೋಬರ್ 8ಕ್ಕೆ ಬರುತ್ತದೆ. ಅಲ್ಲಿಂದ ಎರಡು ವಾರ ಸಂತೆಯಲ್ಲಿ ತಡವಾಗಿ ಬಲಿಯುವ ದಪ್ಪ ಕಾಳಿನ ಸೋಯಾ ಸಿಗುತ್ತದೆ. ಸಿಪ್ಪೆ ಇನ್ನೂ ಹಸಿರಾಗಿರಬೇಕು, ಕಾಳು ಒಳಗೆ ತುಂಬಿ ಉಬ್ಬಿರಬೇಕು. ಎಳೆಯದಾದರೆ ಒಣಗಿದ ಮೇಲೆ ಬರೀ ಸಿಪ್ಪೆ ಉಳಿಯುತ್ತದೆ. ಹಳದಿಗೆ ತಿರುಗಿದ್ದರೆ ಬಣ್ಣವೂ ಹೋಯಿತು, ಆ ಹಸಿ ಸಿಹಿಯೂ ಹೋಯಿತು. 10 ಕಿಲೋ ಕಾಯಿ ಸುಲಿದರೆ ಸುಮಾರು 5 ಕಿಲೋ ಕಾಳು, ಅದು ಒಣಗಿದರೆ 1.7 ಕಿಲೋ ಆಸುಪಾಸು. ಬೆಲೆ ಕೇಳಿ ಗಾಬರಿಯಾಗುವವರು ಈ ಲೆಕ್ಕ ನೋಡಬೇಕು.

ಸುಲಿಯುವುದು ಅವರೆಕಾಯಿ ಸುಲಿದ ಹಾಗೇ, ಓಣಿಯ ಮಾಡಿನ ಕೆಳಗೆ ನಾಲ್ಕು ಜನ ಕೂತರೆ ಬೇಗ ಮುಗಿಯುತ್ತದೆ. ಆದರೆ ಹಿತಕಬೇಡಿ. ಕಾಳಿನ ಮೈಸಿಪ್ಪೆ ಉಳಿಯಲೇಬೇಕು, ಇಲ್ಲದಿದ್ದರೆ ಬೇಳೆ ಎರಡಾಗಿ ಬಿಡುತ್ತದೆ. ತೆಗೆಯಬೇಕಾದದ್ದು ಕಾಯಿಯ ಒಳಮೈಯಿಂದ ಕಾಳಿಗೆ ಅಂಟಿಕೊಂಡು ಬರುವ ಬಿಳಿ ಪೊರೆ. ಅಗಲ ಪಾತ್ರೆಯಲ್ಲಿ ನೀರು ತುಂಬಿ ಅಂಗೈಯಲ್ಲಿ ಮೆಲ್ಲಗೆ ಉಜ್ಜಿದರೆ ಅದು ಮೇಲೆ ತೇಲುತ್ತದೆ. ಮೂರು ನೀರು ಬದಲಿಸಿ. ಪೊರೆ ಉಳಿದರೆ ಕೆಂಡದ ಮೇಲೆ ಅದೇ ಮೊದಲು ಸೀಯುತ್ತದೆ.

5 ಕಿಲೋ ಕಾಳಿಗೆ ನಾನು ಹಾಕುವುದು 150 ಗ್ರಾಂ ಉಪ್ಪು, ಕಾಳು ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು. ನೀರು ಮಳ್ಳಿ ಬಂದ ಮೇಲೆ ಕಾಳು ಸುರಿದು, ಮತ್ತೆ ಕುದಿ ಬಂದಲ್ಲಿಂದ 6ರಿಂದ 8 ನಿಮಿಷ. ಮುಚ್ಚಳ ಮುಚ್ಚಬಾರದು: ಕಾಳಿನಿಂದ ಹೊರಡುವ ಹುಳಿ ಅಂಶ ಆವಿಯಾಗಿ ಹೋಗದೆ ಪಾತ್ರೆಯಲ್ಲೇ ಉಳಿದರೆ ಹಸಿರು ಕಂದಾಗುತ್ತದೆ. ಬಣ್ಣ ನಿಲ್ಲಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣವೇನೋ ನಿಲ್ಲುತ್ತದೆ, ಕಾಳು ಮಾತ್ರ ಮಿದುವಾಗಿ ಜರಡಿಗೆ ಮೆತ್ತಿಕೊಳ್ಳುತ್ತದೆ. ನೊರೆ ತೆಗೆಯುತ್ತಿರಿ. ಕಚ್ಚಿದರೆ ಹಸಿ ವಾಸನೆ ಇರಬಾರದು, ಹಲ್ಲಿಗೆ ಇನ್ನೂ ಗಟ್ಟಿ ಸಿಗಬೇಕು. ಸೋಯಾ ಹಸಿಯಾಗಿ ತಿನ್ನುವ ಕಾಳಲ್ಲ, ಹೊಟ್ಟೆ ಕೆಡಿಸುತ್ತದೆ, ಹಾಗಾಗಿ ಸಮಯ ಕಡಿಮೆ ಮಾಡಬೇಡಿ. ಬಸಿದು ಬಿದಿರಿನ ತಟ್ಟೆಯಲ್ಲಿ ಹರಡಿ ಬೀಸಣಿಗೆಯಿಂದ ಗಾಳಿ ಹಾಕಿ. ರಾಶಿ ಹಾಕಿ ಬಿಟ್ಟರೆ ತನ್ನ ಬಿಸಿಗೆ ತಾನೇ ಬೇಯುತ್ತಾ ಹೋಗುತ್ತದೆ.

ಇನ್ನು ಕೆಂಡ. ಇಲ್ಲಿನ ಹಳೇ ಮನೆಗಳಲ್ಲಿ ನಮ್ಮ ತೊಟ್ಟಿಮನೆಯ ತೊಟ್ಟಿಯಂತೆ ಆಕಾಶಕ್ಕೆ ತೆರೆದ ಅಂಗಳವಿರುತ್ತದೆ. ಅಗ್ಗಿಷ್ಟಿಕೆ ಇಡಬೇಕಾದದ್ದು ಅಲ್ಲಿ, ಅಥವಾ ಜಗಲಿಯಲ್ಲಿ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲು ಉರಿಸಬಾರದು. ಅದರಿಂದ ಹೊರಡುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಗಟ್ಟಿ ಮರದ ಇದ್ದಿಲು ಪೂರಾ ಕೆಂಪಾಗಿ ಹೊಗೆ ನಿಂತ ಮೇಲೆ ಅದರ ಮೇಲೆ ತೆಳ್ಳಗೆ ಬೂದಿ ಹರಡಿ. 60 ಸೆಂಟಿಮೀಟರ್ ಅಗಲದ ತಂತಿ ಜರಡಿ ಎರಡು ಬೇಕು, ಒಂದೊಂದರಲ್ಲಿ ಅರ್ಧರ್ಧ ಕಾಳು, ಬೆರಳಿನ ದಪ್ಪಕ್ಕಿಂತ ಹೆಚ್ಚು ಬೇಡ. ಕೆಂಡದಿಂದ ಜರಡಿಗೆ 40 ಸೆಂಟಿಮೀಟರ್ ಅಂತರ. ಜರಡಿಯ ಮಟ್ಟದಲ್ಲಿ ಅಂಗೈ ಹಿಡಿದು ನಿಧಾನಕ್ಕೆ ಐದಾರು ಎಣಿಸುವಷ್ಟು ಹೊತ್ತು ತಡೆಯಬೇಕು. ಎರಡಕ್ಕೇ ಕೈ ತೆಗೆಯುವ ಹಾಗಾದರೆ ಇನ್ನಷ್ಟು ಬೂದಿ ಹಾಕಿ.

ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಕೈಯಾಡಿಸಬೇಕು, ಸೌಟಿನಿಂದಲ್ಲ, ಬೆರಳುಗಳಿಂದ, ಅಡಿಯದು ಮೇಲೆ ಬರುವಂತೆ. ಮೈಸಿಪ್ಪೆ ನೆರಿಗೆ ಕಟ್ಟಲು ಶುರುವಾದ ಮೇಲೆ ಅರ್ಧ ಗಂಟೆಗೊಮ್ಮೆ ಸಾಕು. ಒಟ್ಟು ಆರರಿಂದ ಎಂಟು ಗಂಟೆ. ಎಲ್ಲರೂ ಕೆಡಿಸುವುದು ಇಲ್ಲೇ. ಕೆಂಡ ಜೋರು ಮಾಡಿ ಮೂರು ಗಂಟೆಯಲ್ಲಿ ಮುಗಿಸಿದರೆ ಕಾಳು ನೋಡಲು ಒಣಗಿದಂತೆಯೇ ಇರುತ್ತದೆ, ಹೊರಗಿನ ಪದರ ಗಟ್ಟಿಯಾಗಿ ಒಳಗಿನ ನೀರಿಗೆ ಬಾಗಿಲು ಮುಚ್ಚಿಬಿಡುತ್ತದೆ. ವಾರದಲ್ಲಿ ಭರಣಿಯ ಮುಚ್ಚಳ ತೆಗೆದರೆ ಬೂಷ್ಟು. ಸರಿಯಾಗಿ ಒಣಗಿದ ಕಾಳಿನ ಗುರುತು ಕಿವಿಗೆ ಸಿಗುತ್ತದೆ: ಜರಡಿ ಅಲ್ಲಾಡಿಸಿದರೆ ಸಣ್ಣ ಬೆಣಚುಕಲ್ಲು ಉರುಳಿದ ಸದ್ದು. ಬಣ್ಣ ಕಡು ಹಸಿರು, ಮೈಯೆಲ್ಲ ಸುಕ್ಕು, ಅದರ ಮೇಲೆ ಉಪ್ಪಿನ ತೆಳು ಬಿಳುಪು. ಇಷ್ಟಾದರೂ ನಂಬದೆ, ಅತಿ ದೊಡ್ಡ ಐದು ಕಾಳು ಆರಿಸಿ ಒಡೆದು ನೋಡಿ. ನಡುವೆ ಬಣ್ಣ ಬೇರೆ ಕಂಡರೆ ಇನ್ನೂ ನೀರಿದೆ. ಆಮೇಲೆ ಕಾಳನ್ನು ಪೂರ್ತಿ ತಣ್ಣಗಾಗಿಸಿ ಒಂದು ರಾತ್ರಿ ಮುಚ್ಚಿದ ಡಬ್ಬಿಯಲ್ಲಿಡಿ. ಬೆಳಿಗ್ಗೆ ಕಾಳು ಮೆತ್ತಗಾಗಿದ್ದರೆ ಒಳಗಿನ ತೇವ ಹೊರಗೆ ಬಂದಿದೆ ಅಂತ ಅರ್ಥ, ಮತ್ತೊಂದು ಗಂಟೆ ಕೆಂಡದ ಮೇಲೆ. ಕೆಂಡದ ಅನುಕೂಲ ಇಲ್ಲದವರಿಗೆ ಫ್ಯಾನ್ ಇರುವ ಓವನ್ ಆಗುತ್ತದೆ: 80 ಡಿಗ್ರಿಯಲ್ಲಿ ಎರಡು ಗಂಟೆ, 65ರಲ್ಲಿ ನಾಲ್ಕು, ಬಾಗಿಲಿಗೆ ಒಂದು ಚಮಚ ಸಿಕ್ಕಿಸಿ ಆವಿ ಹೋಗಲು ಸಂದು ಬಿಟ್ಟು. ರುಚಿ ಸ್ವಲ್ಪ ಚಪ್ಪೆ, ತಾಳಿಕೆಯಲ್ಲಿ ವ್ಯತ್ಯಾಸವಿಲ್ಲ.

ಜೊತೆಗೆ ಬೇಕಾದವು: ಹುರಿ ಹುರಿಯಾಗಿ ಹೆಚ್ಚಿ ಉಪ್ಪು ಸವರಿ ಒಣಗಿಸಿದ ಕ್ಯಾರೆಟ್, ಒಳಗಿನ ಬಿಳಿ ಭಾಗ ಹೆರೆದು ತೆಗೆದು ಉಪ್ಪಿನಲ್ಲಿಟ್ಟ ಕಿತ್ತಳೆ ಸಿಪ್ಪೆ, ತುಳಸಿಯ ಕುಟುಂಬದ ಪೆರಿಲಾ ಗಿಡದ, ಸಾಸಿವೆಯಂತೆ ಕಾಣುವ ಬೀಜ. ಈ ಬೀಜದಲ್ಲಿ ಮಣ್ಣು ಜಾಸ್ತಿ. ನೀರಿಗೆ ಹಾಕಿ ತೇಲುವುದನ್ನಷ್ಟೇ ಎತ್ತಿಕೊಂಡು, ಒಣಗಿಸಿ, ಬರಿ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿಯಬೇಕು. ಚಟಪಟ ಅಂದ ಕೂಡಲೇ ಇಳಿಸಿ. ಕೆಲವರು ಎಳ್ಳು, ಒಣಗಿದ ಬಿದಿರ ಕಳಲೆ ಚೂರು ಸೇರಿಸುತ್ತಾರೆ. ಕಳಲೆ ಹಾಕಿದರೆ ಸಾರಿನ ದಾರಿ ಹಿಡಿಯುತ್ತದೆ, ನನಗೆ ಬೇಡ.

200 ಮಿಲಿ ಲೋಟಕ್ಕೆ ಇಪ್ಪತ್ತೈದು ಕಾಳು, ಒಂದು ಚಿಟಿಕೆ ಕ್ಯಾರೆಟ್, ಮೂರು ನಾಲ್ಕು ಎಳೆ ಸಿಪ್ಪೆ, ಕಾಲು ಟೀ ಚಮಚ ಪೆರಿಲಾ. ಕುದಿವ ನೀರು ಮೂರನೇ ಒಂದು ಭಾಗ ಹೊಯ್ದು ಎರಡು ನಿಮಿಷ ಮುಚ್ಚಿ. ಆಮೇಲೆ ಹತ್ತು ಎಲೆಯಷ್ಟು ಹಸಿರು ಚಹಾ ಹಾಕಿ, ಸ್ವಲ್ಪ ಆರಿದ ನೀರಿನಿಂದ ತುಂಬಿಸಿ. ಎಲೆಯನ್ನು ಮೊದಲೇ ಹಾಕಿದರೆ ಕಾಳು ನೆನೆಯುವಷ್ಟರಲ್ಲಿ ಚಹಾ ಒಗರಾಗುತ್ತದೆ. ಮೊದಲ ಲೋಟ ಉಪ್ಪುಪ್ಪು, ಎರಡನೆಯದು ಹದ, ಮೂರನೆಯದು ತಿಳಿ. ಅಷ್ಟರಲ್ಲಿ ಕಾಳು ನೆನೆದು ಅಗಿಯಲು ಸಿಗುತ್ತದೆ. ಚಮಚ ಕೇಳಬೇಡಿ, ಲೋಟ ಓರೆ ಮಾಡಿ ಅಂಗೈಯಿಂದ ತಟ್ಟಿ ಬಾಯಿಗೆ ಬೀಳಿಸಿಕೊಳ್ಳುವುದೇ ಕ್ರಮ. ಝೆನ್‌ಝೆಯಲ್ಲಿ ನೆಂಟರಿಗೆ ಕೊಡುವ ಮೂರು ಸುತ್ತಿನ ಚಹಾದಲ್ಲಿ ಇದು ನಡುವಿನದು. ಮೊದಲು ಅಂಟಕ್ಕಿಯ ಅನ್ನವನ್ನು ಬಿಸಿ ಬಾಣಲೆಗೆ ತೆಳ್ಳಗೆ ಒತ್ತಿ ಎಬ್ಬಿಸಿದ ಹಕ್ಕಳೆಗೆ ಸಕ್ಕರೆ, ಬಿಸಿನೀರು. ಕೊನೆಗೆ ಬರೀ ಹಸಿರು ಚಹಾ.

ಕಾಲುವೆ ಊರಿನಲ್ಲಿ ಗೋಡೆಯೇ ಬೆವರುತ್ತದೆ, ಮಾಡಿಟ್ಟದ್ದನ್ನು ಕಾಪಾಡುವುದು ಬೇರೆಯೇ ಕೆಲಸ. ಮಣ್ಣಿನ ಭರಣಿಯ ತಳಕ್ಕೆ ಸುಟ್ಟ ಸುಣ್ಣದ ಗಟ್ಟಿಗಳನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಅದರ ಮೇಲೆ ಕಾಗದದ ಪೊಟ್ಟಣಗಳಲ್ಲಿ ಕಾಳು. ಸುಣ್ಣದ ಗಂಟು ಸಡಿಲವಾಗಿರಲಿ, ತೇವ ಹೀರಿದಂತೆ ಸುಣ್ಣ ಉಬ್ಬುತ್ತದೆ, ಬಿಗಿದು ಕಟ್ಟಿದರೆ ಬಟ್ಟೆ ಹರಿದು ಪುಡಿಯೆಲ್ಲ ಕಾಳಿಗೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ಸುಡುತ್ತದೆ. ಗಟ್ಟಿ ಪುಡಿಯಾಗಿದ್ದರೆ ಅದರ ಕೆಲಸ ಮುಗಿದಂತೆ. ಜೂನ್ ನಡುವಿನಿಂದ ಜುಲೈ ಮೊದಲವರೆಗೆ ಬೂಷ್ಟು ಹಿಡಿಸುವ ಜಿಟಿಜಿಟಿ ಮಳೆ. ನಾನು ಮೇ ಕೊನೆಯ ವಾರವೇ ಸುಣ್ಣ ಬದಲಿಸಿ, ಆ ಮಳೆಯ ದಿನಗಳಿಗೆ ಬೇಕಾಗುವಷ್ಟು ಕಾಳನ್ನು ಮಾತ್ರ ಹೊರಗೆ ಸಣ್ಣ ಬಾಟಲಿಯಲ್ಲಿಟ್ಟು, ಮಳೆ ನಿಲ್ಲುವವರೆಗೆ ಭರಣಿಯ ಮುಚ್ಚಳ ತೆಗೆಯುವುದಿಲ್ಲ.