ಕುದುರೆ ಇಳಿದ ಊರು ತೋರಿಸ್ತೀನಿ ಅಂದೆ, ಸೀಟು ತುಂಬಿದವು

ಕೊಪ್ಪಳದಿಂದ ಕರಾವಳಿ ಟ್ರಿಪ್ ಅಂದ್ರೆ ಎಲ್ಲರೂ ಮಾಡೋದು ಮುರ್ಡೇಶ್ವರ, ಉಡುಪಿ, ಧರ್ಮಸ್ಥಳ, ವಾಪಸ್. ನಾನು ಮಿರ್ಜಾನ್ ಕೋಟೆ, ಭಟ್ಕಳ, ಕಾರ್ಕಳ, ಮೂಡುಬಿದಿರೆ ಸೇರಿಸ್ತೀನಿ ಅಂದಾಗ ಗಾಡಿ ಸ್ಟ್ಯಾಂಡಿನ ಹಿರಿಯ ಡ್ರೈವರ್‌ಗಳು, "ಹಳೇ ಕಲ್ಲು ನೋಡಾಕ ಹಂಪಿ ಬಿಟ್ಟು ಅಷ್ಟ್ ದೂರ ಯಾರ್ ಬರ್ತಾರೋ ತಮ್ಮಾ" ಅಂದರು. ಈಗ ನನ್ನ ಟಿಟಿಯ (ಟೆಂಪೋ ಟ್ರಾವೆಲರ್) 12 ಸೀಟು ಹದಿನೈದು ದಿನ ಮೊದಲೇ ಬುಕ್ ಆಗುತ್ತವೆ.

ಮೊದಲ ಟ್ರಿಪ್‌ನಲ್ಲಿ ಸುಮಾರು 18 ಸಾವಿರ ಕೈ ಬಿಟ್ಟಿತು. ಬೆಳಿಗ್ಗೆ ಆರಕ್ಕೆ ಹೊರಟಿದ್ದೆ. ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿಯಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿ, ಇಬ್ಬರು ವಾಂತಿ ಮಾಡಿ, ಕೋಟೆ ಮುಟ್ಟುವಾಗ ಉರಿಬಿಸಿಲು, ಯಾರೂ ಗಾಡಿಯಿಂದ ಇಳಿಯಲಿಲ್ಲ. ಎರಡನೇ ಸಲ ಜೂನ್ ಕೊನೆಗೆ ಹೋದೆ. ಮಳೆಗಾಲಕ್ಕೆ ಮಲ್ಪೆಯ ಬೋಟು ಬಂದ್. ಸೇಂಟ್ ಮೇರೀಸ್ ದ್ವೀಪದ ದುಡ್ಡು ಎಲ್ಲರಿಗೂ ವಾಪಸ್ ಕೊಟ್ಟೆ.

ಈಗ ರಾತ್ರಿ ಹತ್ತಕ್ಕೆ ಬಿಡ್ತೀನಿ. ಅಂಕೋಲಾ ತನಕ ಹತ್ತಿರ ಹತ್ತಿರ 250 ಕಿ.ಮೀ., ಜನ ನಿದ್ದೆಯಲ್ಲೇ ಘಾಟಿ ಇಳಿದಿರ್ತಾರೆ. ಬೆಳಗಿನ ತಂಪಲ್ಲಿ ಮಿರ್ಜಾನ್. ಕಾಳುಮೆಣಸಿನ ವ್ಯಾಪಾರದಿಂದ ಮೆಣಸಿನ ರಾಣಿ ಅನ್ನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ ಅಲ್ಲಿ ಕಲ್ಲಿನ ಮೇಲೆ ಕೂತು ಹೇಳಿದರೆ ಹುಡುಗರೂ ಫೋನ್ ಒಳಗಿಡ್ತಾರೆ. ಆಮೇಲೆ ಮುರ್ಡೇಶ್ವರದ 123 ಅಡಿಯ ಶಿವ, ಅಲ್ಲಿ ನಾನು ಹೇಳೋದು ಏನೂ ಇಲ್ಲ.

ಟ್ರಿಪ್ ನಿಂತಿರೋದು ಭಟ್ಕಳದ ಮೇಲೆ. ಹಂಪಿಯ ಹಜಾರರಾಮ ಗುಡಿಯ ಗೋಡೆ ಮೇಲೆ ಸಾಲು ಸಾಲು ಕುದುರೆ ಕೆತ್ತಿದ್ದಾರಲ್ವಾ, ಅಂಥ ಕುದುರೆ ಅರಬ್ ದೇಶದಿಂದ ಹಡಗಿನಲ್ಲಿ ಬಂದು ಇಳಿಯುತ್ತಿದ್ದ ಬಂದರಲ್ಲಿ ಇದೊಂದು. ಸೀಟು ಬುಕ್ ಮಾಡಲು ಫೋನ್ ಮಾಡಿದವರಿಗೆ ನಾನು ಮೊದಲು ಹೇಳೋದೇ ಇದನ್ನ. ಕಾರ್ಕಳದ 42 ಅಡಿಯ ಗೊಮ್ಮಟ ನಿಂತಿದ್ದು 1432ರಲ್ಲಿ, ಅದೂ ವಿಜಯನಗರದ ಕಾಲವೇ. ನಮ್ಮ ಕೊಪ್ಪಳವೂ ಒಂದು ಕಾಲಕ್ಕೆ ಕೊಪಣ, ಜೈನರ ದೊಡ್ಡ ತೀರ್ಥ. ಅದನ್ನ ಗೊಮ್ಮಟನ ಮುಂದೆ ನಿಂತು ಹೇಳ್ತೀನಿ, ಗಾಡಿಯಲ್ಲಿ ಅಲ್ಲ.

ಊಟಕ್ಕೂ ದುಡ್ಡು ಸುರಿದೆ. ಕುಚಲಕ್ಕಿ ಅನ್ನ ನಮ್ಮವರಿಗೆ ಇಳಿಯಲ್ಲ. ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಸ್ಟೌ. ನದಿ ದಂಡೆಗೆ ನೆರಳಲ್ಲಿ ಅಡುಗೆ. ಎಲ್ಲಿ ಅಂತ ಹೇಳಲ್ಲ, ಉಡುಪಿಯಲ್ಲಿ ರೂಮು ಯಾರು ಕೊಡ್ತಾರೆ ಅಂತಲೂ ಹೇಳಲ್ಲ.

ಒಮ್ಮೆ ನಮ್ಮ ಕಡೆಯ ಹಡಗಲಿ ಮಲ್ಲಿಗೆ ಕಟ್ಟಿಸಿಕೊಂಡು ಹೋಗಿ, ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ಒಂದು ಅಟ್ಟೆ (ಕಟ್ಟು) ಕೊಂಡು ಪಕ್ಕದಲ್ಲಿಟ್ಟೆ. ಅಕ್ಕಂದಿರು ಮೂಸಿ ನೋಡಿ ಮರವಂತೆ ಬರೋತನಕ ಜಗಳ ಆಡಿದರು. ನನ್ನ ಓಟು ಹಡಗಲಿಗೇ.

ತಲೆಗೆ 5,500. ಹೋದ ಟ್ರಿಪ್‌ನಲ್ಲಿ ಡೀಸೆಲ್, ರೂಮು, ಊಟ ಎಲ್ಲ ಕಳೆದು 20 ಸಾವಿರದ ಹತ್ತಿರ ಉಳಿಯಿತು. ಮುಂದಿನ ಸಲ ಉಡುಪಿ ಹತ್ತಿರದ ಹಳೇ ರಾಜಧಾನಿ ಬಾರ್ಕೂರಿಗೆ ಅರ್ಧ ದಿನ ಇಟ್ಟಿದ್ದೀನಿ.