ಸ್ಟೋಮಾ ಸುತ್ತ ಚರ್ಮ ಉರಿಯುತ್ತಿದೆಯಾ? ಹೊಟ್ಟೆ ಉಬ್ಬಿದೆಯಾ ನೋಡಿ

ಕರುಳಿನ ಆಪರೇಷನ್ ಆದ ಕೆಲವರಿಗೆ ಮಲ ಹೊರಬರಲು ಹೊಟ್ಟೆಯ ಮೇಲೇ ದಾರಿ ಮಾಡಿರುತ್ತಾರೆ. ಅದೇ ಸ್ಟೋಮಾ. ಅದರ ಮೇಲೆ ಚೀಲ ಅಂಟಿಸಿಕೊಂಡು ಓಡಾಡಬೇಕು. ಎಷ್ಟೋ ದಿನ ಸರಿಯಾಗಿದ್ದ ಚೀಲ ಇದ್ದಕ್ಕಿದ್ದಂತೆ ಸೋರತೊಡಗುತ್ತದೆ, ಸುತ್ತಲಿನ ಚರ್ಮ ಕೆಂಪಾಗಿ ಉರಿಯುತ್ತದೆ. ಮನೆಯವರು ಉಷ್ಣ ಆಗಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ದಯವಿಟ್ಟು ಬೇಡ. ಎಣ್ಣೆ ಇದ್ದಲ್ಲಿ ಚೀಲ ಅಂಟುವುದಿಲ್ಲ, ಸೋರುವುದು ಇನ್ನೂ ಜಾಸ್ತಿಯಾಗುತ್ತದೆ.

ಇದಕ್ಕೆ ಹರ್ನಿಯಾ ಕಾರಣ ಇರಬಹುದು. ಕರುಳನ್ನು ಹೊರಗೆ ತರಲು ಹೊಟ್ಟೆಯ ಸ್ನಾಯುವಿನಲ್ಲಿ ಮಾಡಿದ ತೂತು ಕ್ರಮೇಣ ಹಿಗ್ಗುತ್ತದೆ. ಒಳಗಿನ ಕರುಳು ಅಲ್ಲಿಂದ ಚರ್ಮದಡಿಗೆ ನುಗ್ಗುತ್ತದೆ. ಸಪಾಟಾಗಿದ್ದ ಜಾಗ ಉಬ್ಬಿದರೆ, ಚರ್ಮಕ್ಕೆ ಅಂಟಿಕೊಳ್ಳುವ ಚೀಲದ ಪ್ಲೇಟಿನ ಅಂಚು ಏಳುತ್ತದೆ, ಸಂದಿಗೆ ಮಲ ಇಳಿಯುತ್ತದೆ. ಸಣ್ಣ ಕರುಳಿನ ಸ್ಟೋಮಾ ಆದರೆ ಅದರಲ್ಲಿ ಜೀರ್ಣರಸ ಇರುತ್ತದೆ. ಚರ್ಮ ಕೆಲವೇ ಗಂಟೆಗಳಲ್ಲಿ ಸುಲಿಯಬಹುದು.

ಮೊದಲು ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಮೆಲ್ಲಗೆ ಕೆಮ್ಮಿ. ಸ್ಟೋಮಾ ಪಕ್ಕ ಉಬ್ಬಿ, ಮಲಗಿದಾಗ ಅದು ತಗ್ಗಿದರೆ ಹರ್ನಿಯಾ ಇರಬಹುದು, ಡಾಕ್ಟರಿಗೆ ತೋರಿಸಿ.

ಆಮೇಲೆ ಹಳೆ ಪ್ಲೇಟನ್ನು ನಿಧಾನ ಬಿಡಿಸಿ, ಎಸೆಯುವ ಮುನ್ನ ಹಿಂಬದಿ ನೋಡಿ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಮಲ ಯಾವ ಕಡೆ ಹರಿದಿದೆಯೋ, ಚರ್ಮ ಸುಲಿದಿರುವುದೂ ಸಾಮಾನ್ಯವಾಗಿ ಅದೇ ಕಡೆ. ಪ್ಲೇಟಿನ ಆಕಾರದಲ್ಲೇ ಪೂರ್ತಿ ಕೆಂಪಾಗಿದ್ದರೆ ಅಂಟು ಒಗ್ಗದಿರಬಹುದು. ತುರಿಕೆ ಇದ್ದು, ಕೆಂಪಿನ ಅಂಚಿನಲ್ಲಿ ಸಣ್ಣ ಗುಳ್ಳೆ ಚದುರಿದ್ದರೆ ಫಂಗಸ್ ಇರಬಹುದು, ಅದಕ್ಕೆ ಔಷಧಿಯೇ ಬೇರೆ.

ಚರ್ಮವನ್ನು ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಡೆಟಾಲ್, ಸ್ಪಿರಿಟ್ ಬೇಡ. ಉಜ್ಜದೆ, ಒತ್ತಿ ಒಣಗಿಸಿ. ನೀರೊಸರುವ ಜಾಗಕ್ಕೆ ಮಾತ್ರ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ.

ಅಳತೆ ಹೊಸದಾಗಿ ತೆಗೆದುಕೊಳ್ಳಿ. ಹರ್ನಿಯಾ ಎಳೆದು ಸ್ಟೋಮಾ ದೊಡ್ಡದಾಗಿರಬಹುದು, ಮೊಟ್ಟೆಯಾಕಾರಕ್ಕೆ ತಿರುಗಿರಬಹುದು. ನಿಂತೂ ಮಲಗಿಯೂ ನೋಡಿ. ಪ್ಲೇಟಿನ ತೂತು ಸ್ಟೋಮಾಗಿಂತ 2–3 ಮಿ.ಮೀ. ಮಾತ್ರ ದೊಡ್ಡದಿರಲಿ. ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈ ಒತ್ತಿ ಹಿಡಿಯಿರಿ, ಮೈಬಿಸಿಗೆ ಚೆನ್ನಾಗಿ ಕೂರುತ್ತದೆ. ಉಬ್ಬಿದ ಹೊಟ್ಟೆಗೆ ಬಗ್ಗುವ ಮೆತ್ತನೆ ಪ್ಲೇಟ್ ಹೊಂದುತ್ತದೆ. ಸುಮ್ನೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರಬೇಡಿ, ಸ್ಟೋಮಾ ನರ್ಸ್ ಹತ್ತಿರ ಕೇಳಿ. ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿ, ಭಾರಕ್ಕೆ ಪ್ಲೇಟ್ ಜಗ್ಗುತ್ತದೆ.

ಹರ್ನಿಯಾ ಬೆಲ್ಟನ್ನು ಬೆಳಿಗ್ಗೆ ಏಳುವ ಮುನ್ನ, ಮಲಗಿದ್ದಾಗಲೇ ಕಟ್ಟಿಕೊಳ್ಳಿ. ಎದ್ದು ನಿಂತು ಕಟ್ಟಿದರೆ ಉಬ್ಬಿನ ಮೇಲೇ ಕಟ್ಟಿದಂತಾಗುತ್ತದೆ. ಅಳತೆ ಮಾತ್ರ ನರ್ಸ್ ಅಥವಾ ಡಾಕ್ಟರೇ ನೋಡಲಿ. ತುಂಬಿದ ಸಿಲಿಂಡರ್, ಕೊಡ ಎತ್ತುವುದು ಬೇಡ. ಕೆಮ್ಮುವಾಗ, ಸೀನುವಾಗ ಸ್ಟೋಮಾಕ್ಕೆ ಕೈಯೊತ್ತು ಕೊಡಿ.

ಹರ್ನಿಯಾ ಇದ್ದವರಿಗೆಲ್ಲ ಮತ್ತೆ ಆಪರೇಷನ್ ಬೇಕೆಂದಿಲ್ಲ. ಆದರೆ ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಹೊಟ್ಟೆನೋವು, ವಾಂತಿ ಬಂದು ಚೀಲಕ್ಕೆ ಏನೂ ಬೀಳದಿದ್ದರೆ, ಕೆಂಪಗಿರಬೇಕಾದ ಸ್ಟೋಮಾ ನೇರಳೆ ಅಥವಾ ಕಪ್ಪಾದರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.